ಓದುಗರ ಬಾಗಿಲಿಗೆ ಬಂದ ಬರಹಗಾರ

ಗಳಗನಾಥರು ತಮ್ಮ ಕಾದಂಬರಿಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರುತ್ತಿದ್ದರೆಂಬ ಮಾತು ಹಾವೇರಿ, ಧಾರವಾಡದ ಕಡೆ ಇವತ್ತಿಗೂ ಚಾಲ್ತಿಯಲ್ಲಿದೆ. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿಯವರಿಗೆ ಆ ಊರ ಹೆಸರೇ ಕಾವ್ಯನಾಮವಾಯಿತು. ಮಾಸ್ತರಿಕೆ ಮಾಡಿದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಮಾಧವ ಕರುಣಾ ವಿಲಾಸ’ ಬರೆದರು. ಆಗ ಆ ಭಾಗದಲ್ಲಿ ಓದು ಬರಹ ಬಲ್ಲವರ ಒಲವು ಮರಾಠಿಯ ಕಡೆಗಿತ್ತು. ಕನ್ನಡ ಕಾದಂಬರಿ ಕೊಳ್ಳುವವರು ಯಾವ ಊರಲ್ಲಿ, ಯಾವ ಓಣಿಯಲ್ಲಿ ಇದ್ದಾರೆಂದು ಯಾವ ಅಂಗಡಿಯವನೂ ಹೇಳುವಂತಿರಲಿಲ್ಲ. ಹಾಗಾಗಿ ಬರೆದವರೇ ಹುಡುಕಿಕೊಂಡು ಹೋದರು.

ಈಗ ಯಾವುದೇ ಭಾನುವಾರ ಬೆಳಗ್ಗೆ ಫೇಸ್‌ಬುಕ್ ತೆರೆದರೆ ಕನ್ನಡ ಬರಹಗಾರರ ಓಡಾಟ ಕಣ್ಣಿಗೆ ಬೀಳುತ್ತದೆ. ಒಬ್ಬರು ಹೊಸ ಸಂಕಲನದ ಮುಖಪುಟ ಹಾಕಿ ಹೇಗಿದೆ ಎಂದು ಕೇಳಿರುತ್ತಾರೆ. ಇನ್ನೊಬ್ಬರು ಮುಂಗಡ ಕಾಯ್ದಿರಿಸಿದವರಿಗೆ ಹಸ್ತಾಕ್ಷರವಿರುವ ಪ್ರತಿ ಎಂದು ಬರೆದು, ಕೆಳಗೆ ಫೋನ್‌ಪೇ ನಂಬರು ಕೊಟ್ಟಿರುತ್ತಾರೆ. ಬೆಂಗಳೂರಿನ ನಯನ ಸಭಾಂಗಣದಲ್ಲೋ ವಾಡಿಯಾ ಸಭಾಂಗಣದಲ್ಲೋ ಹತ್ತೂವರೆಗೆ ಬಿಡುಗಡೆ, ಒಂಬತ್ತೂವರೆಯಿಂದ ಉಪಾಹಾರ, ಎಲ್ಲರೂ ಬನ್ನಿ ಎಂಬ ಕರೆಯೋಲೆಗಳು ಸಾಲಾಗಿ ಬರುತ್ತವೆ. ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ನಡುರಾತ್ರಿ ಬರೆದವರೂ ಅಲ್ಲಿಯೇ ಇದ್ದಾರೆ.

ಇದನ್ನೆಲ್ಲ ಕಂಡು ಹಿರಿಯರು ಅನೇಕರು ಬೇಸರ ಮಾಡಿಕೊಳ್ಳುತ್ತಾರೆ. ಬರೆದವನು ಬರೆದು ಸುಮ್ಮನಿರಬೇಕು, ಪುಸ್ತಕ ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ ಎಂಬುದು ಅವರ ನಿಲುವು. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕನ್ನಡದಲ್ಲಿ ಪುಸ್ತಕ ಎಂದೂ ತಾನಾಗಿ ನಡೆದು ಓದುಗರ ಮನೆ ಸೇರಿದ್ದಿಲ್ಲ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ ನೂರು ವರ್ಷಕ್ಕೂ ಹಿಂದೆ ‘ಸತೀಹಿತೈಷಿಣೀ’ ಗ್ರಂಥಮಾಲೆ ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ತಮ್ಮ ಬರಹ ಅಚ್ಚಾಗಬೇಕಾದರೆ ಯಾರೋ ಗಂಡಸು ಒಪ್ಪಬೇಕಾದ ಕಾಲದಲ್ಲಿ ಅದು ಎಂಥ ಎದೆಗಾರಿಕೆಯ ಕೆಲಸ! ಶಿವರಾಮ ಕಾರಂತರು ಬರೆದದ್ದೂ ಅಲ್ಲದೆ ಪುತ್ತೂರಿನಲ್ಲಿ ಪ್ರಕಾಶನದ ಹೊಣೆಯನ್ನೂ ಹೊತ್ತರು. ಕುವೆಂಪು ಅವರ ಬಹಳಷ್ಟು ಕೃತಿಗಳು ಮನೆಯ ಹೆಸರನ್ನೇ ಹೊತ್ತ ‘ಉದಯರವಿ ಪ್ರಕಾಶನ’ದಿಂದ ಬಂದವು. ಪೂರ್ಣಚಂದ್ರ ತೇಜಸ್ವಿ ಗೆಳೆಯರ ಜೊತೆ ಮೈಸೂರಿನಲ್ಲಿ ‘ಪುಸ್ತಕ ಪ್ರಕಾಶನ’ ಕಟ್ಟಿದರು. ಮೂಡಿಗೆರೆಯ ತೋಟದ ಮನೆಗೆ ಕಂಪ್ಯೂಟರ್ ತರಿಸಿಕೊಂಡು ಪುಟಗಳ ವಿನ್ಯಾಸವನ್ನೂ ತಾವೇ ಮಾಡಿದರು. ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಅವರು ಕೂಗಿ ಹೇಳುತ್ತಿದ್ದಾಗ ಸಾಹಿತಿಗಳಲ್ಲಿ ಹೆಚ್ಚಿನವರಿಗೆ ಅದು ತಮಗೆ ಸಂಬಂಧಿಸಿದ ವಿಷಯವೆಂದೇ ಅನ್ನಿಸಿರಲಿಲ್ಲ.

ಧಾರವಾಡದ ಮನೋಹರ ಗ್ರಂಥಮಾಲೆಯ ಕ್ರಮವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1933ರಲ್ಲಿ ಜಿ.ಬಿ. ಜೋಶಿಯವರು ಅದನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಚಂದಾದಾರರನ್ನು ನಂಬಿ. ಓದುಗರು ಮೊದಲೇ ಚಂದಾ ಹಣ ಕೊಡುತ್ತಿದ್ದರು, ಬಳಿಕ ಪುಸ್ತಕಗಳು ಅವರ ಮನೆಗೆ ಹೋಗುತ್ತಿದ್ದವು. ಯಾವ ಪುಸ್ತಕ ಬರುತ್ತದೆ, ಬರೆದವರು ಯಾರು ಎಂಬುದು ಗೊತ್ತಿಲ್ಲದಿದ್ದರೂ ಮಾಲೆಯ ಮೇಲಿನ ಭರವಸೆಯಿಂದ ಜನ ಹಣ ಕಟ್ಟುತ್ತಿದ್ದರು. ಗಿರೀಶ ಕಾರ್ನಾಡರೆಂಬ ಹೊಸ ಹುಡುಗನ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ಇವತ್ತಿನ ಮುಂಗಡ ಬುಕಿಂಗ್‌ಗೂ ಆ ಚಂದಾ ಪದ್ಧತಿಗೂ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಆಗ ಓದುಗ ನಂಬಿದ್ದು ಪ್ರಕಾಶಕನ ಅಭಿರುಚಿಯನ್ನು. ಈಗ ಆ ನಂಬಿಕೆಯನ್ನು ಒಬ್ಬೊಬ್ಬ ಲೇಖಕನೂ ತನ್ನ ಖಾತೆಯಲ್ಲಿ ದಿನವೂ ಸಂಪಾದಿಸಿಕೊಳ್ಳಬೇಕಾಗಿದೆ. ಅಲ್ಲಿಂದಲೇ ದಣಿವು ಶುರುವಾಗುತ್ತದೆ.

ಕನ್ನಡ ಲೇಖಕರು ಅಂತರಜಾಲಕ್ಕೆ ಬಂದ ದಾರಿ ಸಲೀಸಾಗಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆಯದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ದಿನಗಳನ್ನು ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದ ಎಲ್ಲರೂ ಬಲ್ಲರು. ಯೂನಿಕೋಡ್ ಬಂದ ಮೇಲೂ ಮೊದಮೊದಲ ಮೊಬೈಲ್‌ಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಆ ಹೊತ್ತಿನಲ್ಲೇ ‘ಸಂಪದ’, ‘ಕೆಂಡಸಂಪಿಗೆ’, ‘ಅವಧಿ’ ಜಾಲತಾಣಗಳು ಹೊಸ ಬರಹಗಾರರಿಗೆ ಜಾಗ ಮಾಡಿಕೊಟ್ಟವು. ಯು.ಆರ್. ಅನಂತಮೂರ್ತಿಯವರಂಥ ಹಿರಿಯರೂ ಬ್ಲಾಗಿಗೆ ಬಂದು ತಮ್ಮ ‘ರುಜುವಾತು’ ಪತ್ರಿಕೆಯನ್ನು ಅಲ್ಲಿ ಮುಂದುವರಿಸಿದ್ದು ಆಗ ಬರೆಯಲು ತೊಡಗಿದ ಹುಡುಗರಿಗೆ ದೊಡ್ಡ ಧೈರ್ಯ. ಇವತ್ತು ಬೆರಳಲ್ಲಿ ಒತ್ತುವುದೂ ಬೇಡ, ಫೋನಿಗೆ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಮನೆಕೆಲಸ ಮುಗಿದ ಮೇಲೆ ಫೋನಿನಲ್ಲೇ ಕಥೆ ಬರೆಯುವ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಅಂಥವರ ಕೈಯಲ್ಲಿ ಆಗ ಫೋನಿದ್ದಿದ್ದರೆ ಎಷ್ಟು ಬೇಗ ಅವರ ದನಿ ಕೇಳಿಸುತ್ತಿತ್ತೋ ಎಂದು ಅನ್ನಿಸುತ್ತದೆ.

ಪರಿಚಯದ ಕಥೆಗಾರ್ತಿಯೊಬ್ಬರು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲೆಯ ಟೀಚರು. ಅವರ ಮೊದಲ ಸಂಕಲನ ಬಂದ ವಾರ ನಾನು ಅವರ ಮನೆಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಪುಸ್ತಕದ ಕಟ್ಟುಗಳು, ಕಂದು ಕಾಗದದ ಸುರುಳಿ, ಸೆಲ್ಲೋಟೇಪು, ಕತ್ತರಿ. ಮಗ ಮಾರ್ಕರ್ ಪೆನ್ನಿನಲ್ಲಿ ವಿಳಾಸ ಬರೆಯುತ್ತಿದ್ದ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಳಾಸಗಳಲ್ಲಿ ಕೆಲವಕ್ಕೆ ಪಿನ್‌ಕೋಡಿಲ್ಲ, ಕೆಲವಕ್ಕೆ ಊರ ಹೆಸರಿದೆ, ತಾಲ್ಲೂಕಿಲ್ಲ. ಒಬ್ಬರು ಹಣ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿ ವಿಳಾಸವನ್ನೇ ಮರೆತಿದ್ದರು. ಮಗಳ ಹುಟ್ಟುಹಬ್ಬಕ್ಕೆ ಕೊಡಬೇಕು, ಅವಳ ಹೆಸರು ಬರೆದು ಸಹಿ ಹಾಕಿಕೊಡಿ ಎಂದು ಇನ್ನೊಬ್ಬರು ಕೇಳಿದ್ದರು. ಮಳೆಗಾಲವಾದ್ದರಿಂದ ಕಾಗದದ ಕೆಳಗೆ ಒಂದೊಂದು ಪ್ರತಿಗೂ ಪ್ಲಾಸ್ಟಿಕ್ ಸುತ್ತಬೇಕಿತ್ತು.

“ಬರೆದಿದ್ದು ನಾನೇನಾ ಅಂತ ಮರೆತುಹೋಗಿದೆ ಸರ್. ಒಂದು ವಾರದಿಂದ ನಾನು ಅಂಚೆ ಕಚೇರಿಯವಳು” ಎಂದರು. ಆಮೇಲೆ ಫೋನು ತೆಗೆದು ಒಂದು ಸಂದೇಶ ತೋರಿಸಿದರು. ಸಿಂದಗಿ ಕಡೆಯ ಓದುಗರೊಬ್ಬರು ಕಥೆಯೊಂದರ ಅಜ್ಜಿಯ ಪಾತ್ರ ಓದಿ, ತಮ್ಮ ಮನೆಯಲ್ಲಿ ಸೊಸೆಗೂ ಅತ್ತೆಗೂ ನಡುವೆ ನಿಂತುಹೋದ ಮಾತಿನ ಬಗ್ಗೆ ಎರಡು ಪುಟದಷ್ಟು ಬರೆದಿದ್ದರು. ಸಿಂದಗಿಯಲ್ಲಿ ನನ್ನ ಪುಸ್ತಕ ಇಡುವ ಅಂಗಡಿ ಯಾವುದೂ ಇಲ್ಲ ಎಂದು ಆಕೆ ಮತ್ತೆ ಟೇಪು ಕೈಗೆತ್ತಿಕೊಂಡರು. ಈ ಕೆಲಸದಲ್ಲಿ ಅವರಿಗೆ ಸಿಕ್ಕಿದ್ದೂ ಅವರು ಕಳೆದುಕೊಂಡದ್ದೂ ಎರಡೂ ಆ ಮೇಜಿನ ಮೇಲೆಯೇ ಇದ್ದವು.

ಅಂಚೆಯ ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ರಿಯಾಯಿತಿ ದರದ ಬುಕ್ ಪೋಸ್ಟ್ ನಿಲ್ಲಿಸಿದಾಗ ಸಣ್ಣ ಪ್ರಕಾಶಕರಿಗೆ, ತಾವೇ ಮಾರುವ ಲೇಖಕರಿಗೆ ಬಿದ್ದ ಪೆಟ್ಟು ಜೋರಾಗಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಕಥಾಸಂಕಲನವೊಂದನ್ನು ಕಳಿಸುವ ಖರ್ಚು ಹೀಗೆ ಮತ್ತೆ ಕೈಗೆಟುಕುವ ಮಟ್ಟಕ್ಕೆ ಬಂತು. ಕನ್ನಡ ಪುಸ್ತಕದ ಮಾರಾಟ ಇಂಥ ಹತ್ತಿಪ್ಪತ್ತು ರೂಪಾಯಿಯ ಲೆಕ್ಕದ ಮೇಲೆ ನಿಂತಿದೆ.

ಆ ಲೆಕ್ಕವನ್ನೂ ನೋಡೋಣ. 200 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇ 10ರ ಗೌರವಧನ ಎಂದರೆ ಪ್ರತಿಗೆ 20 ರೂಪಾಯಿ. ಸಾವಿರ ಪ್ರತಿಯೂ ಖರ್ಚಾದರೆ 20 ಸಾವಿರ. ಸಾವಿರ ಖರ್ಚಾಗಲು ಹಲವು ವರ್ಷ ಬೇಕು, ಎಷ್ಟೋ ಮಂದಿಗೆ ಗೌರವಧನದ ಬದಲು ಸಿಗುವುದು ಕೆಲವು ಪ್ರತಿಗಳು ಮಾತ್ರ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ 300 ಪ್ರತಿ ಹೋದರೆ ಪ್ರಕಾಶಕ ಉಸಿರಾಡುತ್ತಾನೆ. ಆ ಖರೀದಿಯೂ ಅದರ ಹಣವೂ ವರ್ಷಗಟ್ಟಲೆ ಬಾಕಿ ಬೀಳುತ್ತವೆಂಬುದು ಅವನ ಹಳೆಯ ದೂರು. ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಅಚ್ಚಾದ ಪುಸ್ತಕವನ್ನು ಓದುಗರಿಗೆ ಮುಟ್ಟಿಸುವ ಕೆಲಸ ಉಳಿದೇ ಇರುತ್ತದೆ. ಹೀಗಿರುವಾಗ ಲೇಖಕ ತಾನೇ ನೂರು ಪ್ರತಿ ಮಾರಿದರೆ ಅದನ್ನು ಆತ್ಮಪ್ರಶಂಸೆ ಎಂದು ತಳ್ಳಿಹಾಕುವುದು ಅನ್ಯಾಯ. ಬೆಂಗಳೂರು, ಮೈಸೂರು, ಧಾರವಾಡ ಬಿಟ್ಟರೆ ಕನ್ನಡದ ಒಳ್ಳೆಯ ಪುಸ್ತಕದಂಗಡಿ ಸಿಗುವ ಊರುಗಳು ತೀರಾ ಕಡಿಮೆ ಎಂಬುದನ್ನು ಮರೆತು ಈ ಮಾತು ಆಡಕೂಡದು.

ಮಾರುವುದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ಇರುವುದು ಬರಹದ ಬದುಕನ್ನು ಜಗಲಿಗೆ ತಂದಿಡುವ ರೀತಿಯ ಬಗ್ಗೆ.

ನಮ್ಮ ಹಿರಿಯ ಬರಹಗಾರರೂ ತಮ್ಮ ಬರವಣಿಗೆಯ ಒಳಗುಟ್ಟು ಹೇಳಿದ್ದಾರೆ. ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’, ಎಸ್.ಎಲ್. ಭೈರಪ್ಪನವರ ‘ನಾನೇಕೆ ಬರೆಯುತ್ತೇನೆ?’ ಮತ್ತು ‘ಭಿತ್ತಿ’ ಓದಿದವರಿಗೆ ಅದು ಗೊತ್ತು. ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಬರೆದ ಯಶವಂತ ಚಿತ್ತಾಲರು ಕಥೆ ಹುಟ್ಟುವ ಬಗೆಯನ್ನು ಕುರಿತು ಎಷ್ಟು ಆಳವಾಗಿ ಯೋಚಿಸಿದ್ದರು! ಆದರೆ ಅವರೆಲ್ಲ ಕೃತಿ ಮುಗಿದ ಮೇಲೆ, ಎಷ್ಟೋ ವೇಳೆ ಅರ್ಧ ಆಯುಷ್ಯ ಕಳೆದ ಮೇಲೆ ಹಿಂತಿರುಗಿ ನೋಡಿ ಬರೆದರು. ಈಗ ಕೃತಿಗಿಂತ ಮೊದಲೇ ಅದರ ಕಥೆ ಬರುತ್ತಿದೆ. ಕಾದಂಬರಿ ಶುರುವಾದ ದಿನ, ಪಾತ್ರಕ್ಕೆ ಹೆಸರಿಟ್ಟ ದಿನ, ಬರೆಯಲಾಗದೆ ಅತ್ತ ದಿನ ಎಲ್ಲವೂ ಆಗಿಂದಾಗಲೇ ಹೊರಗೆ. ಹೇಳಿಕೊಂಡ ಕೂಡಲೇ ಎಂಬತ್ತು ಮಂದಿ ಬಂದು ಬೆನ್ನು ತಟ್ಟುತ್ತಾರೆ. ಬೆನ್ನು ತಟ್ಟಿಸಿಕೊಂಡ ಮೇಲೆ ಆ ಅಧ್ಯಾಯವನ್ನು ಬರೆಯುವ ಒತ್ತಡ ಅರ್ಧ ಇಳಿದುಹೋಗುತ್ತದೆ. ಕಾವು ಕೊಡುತ್ತಿರುವ ಮೊಟ್ಟೆಯನ್ನು ಗಳಿಗೆಗೊಮ್ಮೆ ತೆಗೆದು ತೋರಿಸಿದ ಹಾಗೆ ಅದು. ಫೇಸ್‌ಬುಕ್ಕಿನಲ್ಲಿ ಚಂದದ ತುಣುಕುಗಳಾಗಿ ಬಂದು, ಪುಸ್ತಕವಾದಾಗ ತುಣುಕುಗಳಾಗಿಯೇ ಉಳಿದುಹೋದ ಸಂಕಲನಗಳನ್ನು ಈಚಿನ ವರ್ಷಗಳಲ್ಲಿ ಓದಿ ನನಗೆ ನಿಜಕ್ಕೂ ನೋವಾಗಿದೆ. ಅವುಗಳನ್ನು ಬರೆದವರಿಗೆ ಪ್ರತಿಭೆ ಇತ್ತು. ಮುನ್ನೂರು ಪದಕ್ಕೆ ಕಥೆ ಮುಗಿಸುವ ರೂಢಿ ಅವರ ಉಸಿರನ್ನು ಗಿಡ್ಡ ಮಾಡಿತ್ತು.

ಇದಕ್ಕಿಂತ ದೊಡ್ಡ ನಷ್ಟ ವಿಮರ್ಶೆಗೆ ಆಗಿದೆ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಚಂಪಾ ಅವರ ‘ಸಂಕ್ರಮಣ’, ಲಂಕೇಶರ ಪತ್ರಿಕೆಗಳ ಪುಟಗಳಲ್ಲಿ ಪುಸ್ತಕಗಳ ಬಗ್ಗೆ ಬಂದ ಮಾತುಗಳು ಕೆಲವೊಮ್ಮೆ ಕಟುವಾಗಿದ್ದವು, ಅನ್ಯಾಯವೂ ಆಗಿದ್ದಿರಬಹುದು. ಆದರೆ ಬರೆದವನಿಗೆ ಯಾರೋ ತನ್ನನ್ನು ಸಾಲುಸಾಲಾಗಿ ಓದಿದ್ದಾರೆ ಎಂಬುದು ತಿಳಿಯುತ್ತಿತ್ತು. ಈಗ ಲೇಖಕ, ಪ್ರಕಾಶಕ, ವಿಮರ್ಶಕ, ಓದುಗ ಎಲ್ಲರೂ ಒಬ್ಬರಿಗೊಬ್ಬರು ಸ್ನೇಹಿತರ ಪಟ್ಟಿಯಲ್ಲಿದ್ದಾರೆ. ಮುಂದಿನ ತಿಂಗಳು ತನ್ನ ಪುಸ್ತಕ ಬರಲಿರುವವನು ಈ ತಿಂಗಳು ಇನ್ನೊಬ್ಬರ ಪುಸ್ತಕದ ಬಗ್ಗೆ ಖಾರವಾಗಿ ಬರೆಯುವುದು ಕಷ್ಟ. ಆದ್ದರಿಂದ ಎಲ್ಲ ಪುಸ್ತಕಗಳೂ ಅದ್ಭುತ, ಎಲ್ಲ ಕಥೆಗಳೂ ಕಾಡುವಂಥವು. ಇದರಿಂದ ಮೊದಲು ಸೋಲುವವನು ಓದುಗ. ಹೊಗಳಿಕೆ ನಂಬಿ ಕೊಂಡ ಎರಡು ಪುಸ್ತಕ ಅರ್ಧಕ್ಕೇ ಕೈಬಿಟ್ಟವನು ಮೂರನೆಯದನ್ನು ಕೊಳ್ಳಲು ಹಿಂಜರಿಯುತ್ತಾನೆ, ಆ ಮೂರನೆಯದು ನಿಜಕ್ಕೂ ಒಳ್ಳೆಯದಿರಬಹುದು.

ಹಾಗಾದರೆ ಏನು ಹೇಳಿಕೊಳ್ಳಬಹುದು? ನನಗೆ ಹೆಚ್ಚು ಹಿಡಿಸುವುದು ಲೇಖಕರು ತಮ್ಮ ಕೃತಿಯ ಒಂದೆರಡು ಪುಟವನ್ನು ತಮ್ಮದೇ ದನಿಯಲ್ಲಿ ಓದಿ ಹಾಕುವುದು. ಕನ್ನಡಕ್ಕೆ ಇದು ರಕ್ತಗತ. ಕುಮಾರವ್ಯಾಸನ ಭಾರತ ಹಳ್ಳಿ ಹಳ್ಳಿ ತಲುಪಿದ್ದು ಗಮಕಿಗಳ ಕಂಠದಿಂದ. ಬೇಂದ್ರೆಯವರು ವೇದಿಕೆಯಲ್ಲಿ ನಿಂತು ಕವಿತೆ ಹೇಳುತ್ತಿದ್ದರೆ ಪುಸ್ತಕ ಹಿಡಿದು ಓದಲಾರದವರೂ ತಲೆದೂಗುತ್ತಿದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಭಾವಗೀತೆ ಟೇಪ್‌ರೆಕಾರ್ಡರ್ ಇದ್ದ ಮನೆಮನೆಗೂ ಹೋಯಿತು. ಅದನ್ನು ಕೇಳಿ ಕವಿತಾಸಂಕಲನ ಹುಡುಕಿಕೊಂಡು ಹೋದವರು ನನ್ನ ತಲೆಮಾರಿನಲ್ಲಿ ಬಹಳ ಮಂದಿ. ಕುಂದಾಪುರದ ಲೇಖಕಿ ಕುಂದಗನ್ನಡದ ಸಂಭಾಷಣೆಯನ್ನೋ, ಕಲಬುರಗಿಯ ಕಥೆಗಾರ ತನ್ನ ಸೀಮೆಯ ಮಾತನ್ನೋ ತಾವೇ ಓದಿದಾಗ ಅಚ್ಚಿನಲ್ಲಿ ಕಾಣದ ಏರಿಳಿತ ಕೇಳಿಸುತ್ತದೆ. ಅಲ್ಲಿ ಕೇಳುಗನ ಎದುರಿಗಿರುವುದು ಕೃತಿ. ಲೇಖಕನ ಬೆಳಗಿನ ಕಾಫಿ, ಬರೆಯುವ ಮೇಜು, ಕಿಟಕಿಯ ಹೂಕುಂಡ ನೋಡಿ ಲೈಕ್ ಒತ್ತಿದವರು ಪುಸ್ತಕ ಕೊಳ್ಳುವುದು ಅಪರೂಪ ಎಂದು ಮಾರಿ ನೋಡಿದ ಗೆಳೆಯರೇ ಹೇಳುತ್ತಾರೆ.

ಸಂಶೋಧನೆಯ ಹಾದಿಯನ್ನು ಹೇಳಿಕೊಳ್ಳುವುದೂ ಒಳ್ಳೆಯದೇ. 2019ರಲ್ಲಿ ‘ತೇಜೋ ತುಂಗಭದ್ರಾ’ ಕಾದಂಬರಿ ಬಂದಾಗ ಹದಿನಾರನೆಯ ಶತಮಾನದ ಲಿಸ್ಬನ್ನು, ಗೋವಾ, ವಿಜಯನಗರಗಳ ಬಗ್ಗೆ ವಸುಧೇಂದ್ರರ ಮಾತು ಕೇಳಲು ಜನ ಸೇರುತ್ತಿದ್ದರು. ಕೇಳಿದವರು ಇತಿಹಾಸದ ಬೇರೆ ಪುಸ್ತಕಗಳನ್ನೂ ಹುಡುಕುವಂತಾಯಿತು. ಅದೇ ವಸುಧೇಂದ್ರ ತಮ್ಮ ‘ಛಂದ ಪುಸ್ತಕ’ ಪ್ರಕಾಶನದ ಮೂಲಕ ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ಇಟ್ಟು, ಆಯ್ದ ಸಂಕಲನ ಪ್ರಕಟಿಸುತ್ತ ಬಂದರು. ತನ್ನ ಪುಸ್ತಕದ ಜೊತೆ ಇನ್ನೊಬ್ಬನ ಪುಸ್ತಕವನ್ನೂ ಎತ್ತಿ ಹಿಡಿಯುವ ಈ ಗುಣ ನಮ್ಮ ಆನ್‌ಲೈನ್ ಸಾಹಿತ್ಯಲೋಕಕ್ಕೆ ಇನ್ನೂ ಹೆಚ್ಚು ಬೇಕು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘವನ್ನು ಕಟ್ಟಿ ವಿದ್ಯಾರ್ಥಿಗಳ ಕವಿತೆಗಳಿಗೆ ಜಾಗ ಮಾಡಿಕೊಟ್ಟ, ಕಡಿಮೆ ಬೆಲೆಗೆ ಪುಸ್ತಕ ಹಂಚಿದ ಚಿ. ಶ್ರೀನಿವಾಸರಾಜು ಮೇಷ್ಟ್ರು ಫೋನಿಲ್ಲದ ಕಾಲದಲ್ಲಿ ಮಾಡಿದ್ದು ಇದನ್ನೇ.

ಕಡಲಾಚೆಯ ಕನ್ನಡಿಗರಿಗೆ ಪುಸ್ತಕ ಫೋನಿಗೇ ಬರುವ ಈ ಬದಲಾವಣೆ ದೊಡ್ಡ ವರ. ಊರಿಗೆ ಬಂದಾಗ ಸೂಟ್‌ಕೇಸಿನ ತೂಕ ನೋಡಿಕೊಂಡು ನಾಲ್ಕು ಪುಸ್ತಕ ಒಯ್ಯುತ್ತಿದ್ದವರು ಈಗ ‘ಮೈಲ್ಯಾಂಗ್’ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ ಓದುತ್ತಾರೆ, ಕಾರು ಓಡಿಸುತ್ತ ಆಡಿಯೊ ಪುಸ್ತಕ ಕೇಳುತ್ತಾರೆ. ಇದರ ಬೆನ್ನಿಗೇ ಒಂದು ಕೇಡೂ ಬಂದಿದೆ. ಬಿಡುಗಡೆಯಾದ ತಿಂಗಳೊಳಗೆ ಪುಸ್ತಕದ ಪಿಡಿಎಫ್ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ಹಂಚಿದವರಿಗೆ ಅದು ಕನ್ನಡ ಸೇವೆ ಎಂಬ ಭಾವನೆ. ಪ್ರತಿಗೆ 20 ರೂಪಾಯಿ ಕಾಣುವ ಬರಹಗಾರನ ಜೇಬಿನಿಂದ ತೆಗೆದು ಮಾಡುವುದು ಸೇವೆಯಲ್ಲ, ಕಳವು. ಇದನ್ನು ಗುಂಪಿನ ಅಡ್ಮಿನ್‌ಗಳಿಗೆ ಓದುಗರೇ ನೇರವಾಗಿ ಹೇಳಬೇಕು.

ಬಾನು ಮುಷ್ತಾಕ್ ಅವರಿಗೆ 2025ರ ಮೇನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ರಾತ್ರಿ ಕನ್ನಡಿಗರ ಫೋನುಗಳೆಲ್ಲ ಹಬ್ಬದಂತೆ ಬೆಳಗಿದವು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ, ಆ ಪ್ರಶಸ್ತಿ ಪಡೆದ ಸಂಕಲನದ ಹನ್ನೆರಡು ಕಥೆಗಳು 1990ರಿಂದ 2023ರವರೆಗಿನ ಬರವಣಿಗೆ. ಹಾಸನದಲ್ಲಿ ವಕೀಲಿಕೆ ಮಾಡುತ್ತ, ಬಂಡಾಯ ಚಳವಳಿಯ ಒಡನಾಟದಲ್ಲಿ, ಮನೆ ಮತ್ತು ಸಮುದಾಯದ ಒತ್ತಡಗಳ ನಡುವೆ ಬರೆದ ಕಥೆಗಳು ಅವು. ಪ್ರಶಸ್ತಿಯ ಮರುದಿನ ಆ ಲೇಖಕಿಯ ಹೆಸರನ್ನು ಮೊದಲ ಬಾರಿಗೆ ಕೇಳಿದ ಕನ್ನಡಿಗರೂ ಇದ್ದರು ಎಂಬುದು ನಮ್ಮೆಲ್ಲರನ್ನೂ ಕಾಡಬೇಕಾದ ಸಂಗತಿ. ಮೂವತ್ತು ವರ್ಷ ಆ ಕಥೆಗಳು ನಮ್ಮ ನಡುವೆಯೇ ಇದ್ದವು. ಅವು ಎಲ್ಲರಿಗೂ ತಲುಪದಿದ್ದರೆ ತಪ್ಪು ಬರೆದವರದಲ್ಲ. ಲೇಖಕಿ ಇನ್ನಷ್ಟು ಪೋಸ್ಟ್ ಹಾಕಬೇಕಿತ್ತು ಎಂದು ಹೇಳುವ ಧೈರ್ಯ ಯಾರಿಗಿದೆ? ತಲುಪಿಸಬೇಕಾದವರು ಪ್ರಕಾಶಕರು, ಗ್ರಂಥಾಲಯಗಳು, ಪಠ್ಯ ಆಯ್ಕೆ ಮಾಡುವವರು, ಕಾಲೇಜಿನ ಕನ್ನಡ ವಿಭಾಗಗಳು. ಆ ಎಲ್ಲರ ಪಾಲಿನ ಕೆಲಸ ಇವತ್ತು ಲೇಖಕರ ಹೆಗಲಿಗೆ ಜಾರಿದೆ.

ಹಾಗೆಂದು ಫೋನು ಕೆಳಗಿಟ್ಟುಬಿಡಿ ಎಂದು ನಾನು ಯಾವ ಬರಹಗಾರರಿಗೂ ಹೇಳುವುದಿಲ್ಲ. ಪ್ರಕಾಶಕರನ್ನು ಕೇಳಿಕೊಳ್ಳುವುದಿಷ್ಟೆ: ಪ್ಯಾಕಿಂಗು, ಅಂಚೆ, ಹಣದ ಲೆಕ್ಕ ಲೇಖಕರಿಂದ ವಾಪಸ್ ತೆಗೆದುಕೊಳ್ಳಿ, ಜಿಲ್ಲೆಗೆ ಒಂದಾದರೂ ಅಂಗಡಿಯಲ್ಲಿ ನಿಮ್ಮ ಪುಸ್ತಕ ಸದಾ ಸಿಗುವಂತೆ ನೋಡಿಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಸೇರಿದ್ದ ಜನಜಂಗುಳಿ ನೋಡಿದ ಯಾರೂ ಕನ್ನಡಕ್ಕೆ ಓದುಗರಿಲ್ಲ ಎಂದು ಹೇಳಲಾರರು. ವರ್ಷದ ಮೂರು ದಿನ ಸಿಗುವ ಪುಸ್ತಕ ಉಳಿದ ದಿನಗಳಲ್ಲೂ ಮಳವಳ್ಳಿಯಲ್ಲಿ, ಸಿಂದಗಿಯಲ್ಲಿ ಸಿಗಬೇಕು.

ಓದುಗರಲ್ಲೂ ಒಂದು ಕೋರಿಕೆ. ಕಾರಂತರಿಗೆ ಓದುಗರು ಕಾರ್ಡು ಬರೆದರೆ ಅವರು ತಮ್ಮ ಕೈಯಾರೆ ಉತ್ತರ ಬರೆಯುತ್ತಿದ್ದರು. ಆ ಕಾರ್ಡುಗಳಲ್ಲಿ ಓದುಗರು ತಕರಾರು ಎತ್ತುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಮುಖಪುಟದ ಚಿತ್ರದ ಕೆಳಗೆ ಅಭಿನಂದನೆ ಎಂದು ಬರೆದು ಮುಂದೆ ಹೋಗುವ ಬದಲು ಪುಸ್ತಕ ಕೊಂಡು ಓದಿ. ಎಷ್ಟನೆಯ ಪುಟದಲ್ಲಿ ನಿಂತಿರಿ, ಯಾವ ಪಾತ್ರ ಸುಳ್ಳೆನ್ನಿಸಿತು, ಯಾವ ಮಾತು ನಿಮ್ಮ ಊರಿನದೇ ಎನ್ನಿಸಿತು ಎಂದು ಎರಡು ಸಾಲು ಬರೆದು ಕಳಿಸಿ. ಸಿಂದಗಿಯಿಂದ ಬಂದ ಆ ಉದ್ದನೆಯ ಸಂದೇಶದ ಕೊನೆಯಲ್ಲಿ, ನಾಲ್ಕನೆಯ ಕಥೆಯ ಮುಕ್ತಾಯ ಅವಸರದ್ದಾಯಿತು ಎಂಬ ಮಾತೂ ಇತ್ತು. ಟೀಚರು ಅದನ್ನು ಎರಡನೆಯ ಮುದ್ರಣಕ್ಕೆ ತಿದ್ದುತ್ತಿದ್ದಾರೆ.